ಒಂದು ಲೀಟರ್ ಡೀಸೆಲ್ ಮತ್ತು ಹಲವು ದೇಶಗಳ ಒಪ್ಪಂದ

ಸುತ್ತಮುತ್ತಲಿನ ಹಳ್ಳಿಯವರ ಬಾಯಲ್ಲಿ ಭೀಮರಾಯನಗುಡಿ ಎಂದರೆ ಬಿ.ಗುಡಿ. ಶಹಾಪುರ ತಾಲ್ಲೂಕಿನ ಈ ಊರು ಈಗಿನ ರೂಪಕ್ಕೆ ಬಂದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಮುಂದೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹೊರಟಿತು. ಕಾಲುವೆಯನ್ನು ನೋಡಿಕೊಳ್ಳುವ ಎಂಜಿನಿಯರುಗಳ ಕಚೇರಿಗಳೂ ಕ್ವಾರ್ಟರ್ಸುಗಳೂ ಬಿ.ಗುಡಿಯಲ್ಲಿ ಎದ್ದವು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜೂ ಇಲ್ಲಿದೆ. ಮಳೆ ನಂಬಿ ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಿಗೆ ನೀರು ಹರಿದು ಭತ್ತ, ಹತ್ತಿ, ಮೆಣಸಿನಕಾಯಿ ಬಂದವು.

ನೀರಾವರಿಯ ಚರಿತ್ರೆಯಲ್ಲಿ ಯಾರೂ ಅಷ್ಟಾಗಿ ಬರೆಯದ ಒಂದು ಸಂಗತಿ ಇದೆ. ಕಾಲುವೆಯ ನೀರಿನ ಹಿಂದೆಯೇ ಡೀಸೆಲ್ ಕೂಡ ಈ ಹೊಲಗಳಿಗೆ ಬಂತು. ವರ್ಷಕ್ಕೊಂದು ಬೆಳೆಯ ಕಾಲದಲ್ಲಿ ಎತ್ತಿನ ಜೋಡಿಗೆ ಬಿಡುವಿತ್ತು. ಎರಡು ಬೆಳೆ ತೆಗೆಯುವವರಿಗೆ ಅಷ್ಟು ಸಮಯವಿಲ್ಲ. ರಂಟೆ ಹೊಡೆಯಲು, ಭತ್ತದ ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರ್ ಬೇಕು, ಕೊಯ್ಲಿಗೆ ಕಟಾವು ಯಂತ್ರ ಬೇಕು, ಹತ್ತಿ ಸಾಗಿಸಲು ಲಾರಿ ಬೇಕು. ಮುಂಬೈ–ಚೆನ್ನೈ ರೈಲು ಹಳಿ ಯಾದಗಿರಿಯನ್ನು ಮುಟ್ಟಿ ಹೋಗುತ್ತದೆ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಹಾಗಾಗಿ ಇಲ್ಲಿ ಬೆಳೆದದ್ದೆಲ್ಲ, ಬೆಂಗಳೂರು–ಪುಣೆಗೆ ದುಡಿಯಲು ಹೊರಟ ಕುಟುಂಬಗಳೂ ಸೇರಿ, ಟೈರಿನ ಮೇಲೆಯೇ ಸಾಗಬೇಕು.

ಆದ್ದರಿಂದ ವಾಹನ ಎಷ್ಟು ಇಂಧನ ಕುಡಿಯುತ್ತದೆ ಎಂಬುದು ಇಲ್ಲಿ ಮನೆಯ ಖರ್ಚಿನ ಪ್ರಶ್ನೆ. "ಗಾಡಿ ಎಷ್ಟು ಎವರೇಜ್ ಕೊಡ್ತದ?" ಎಂದು ಕೇಳದೆ ಇಲ್ಲಿ ಯಾರೂ ಬೈಕ್ ಕೊಳ್ಳುವುದಿಲ್ಲ. ಈ ಪ್ರಶ್ನೆಗೆ ನಂಬುವಂಥ ಉತ್ತರ ಸಿಗಬೇಕಾದರೆ ಜಿನೀವಾ, ಪ್ಯಾರಿಸ್, ಅಮೆರಿಕದ ನೆಬ್ರಾಸ್ಕದಂಥ ದೂರದೂರದ ಕಡೆಗಳ ಜನ ಒಂದು ಅಳತೆಗೆ ಒಪ್ಪಬೇಕಾಯಿತು. ಅವರು ಒಪ್ಪಿದ ಅಳತೆ ಬಿ.ಗುಡಿಯ ಬಸ್ಸಿಗೂ ಬೈಕಿಗೂ ತಲುಪಿದೆ. ಹೊಲದ ಟ್ರ್ಯಾಕ್ಟರಿಗೆ ಮಾತ್ರ ಅರ್ಧಂಬರ್ಧ ತಲುಪಿದೆ. ಈ ಅಧ್ಯಾಯದ ಕಾಳಜಿ ಆ ಉಳಿದ ಅರ್ಧದ ಬಗ್ಗೆ.

ಮೊದಲು ಒಂದು ಲೀಟರ್ ಡೀಸೆಲ್ಲನ್ನು ತೂಗಿ ನೋಡೋಣ. ಅದರ ತೂಕ ಸುಮಾರು 830 ಗ್ರಾಂ. ಅದರಲ್ಲಿ ಶೇ 86ರಷ್ಟು ಇಂಗಾಲ, ಉಳಿದದ್ದು ಹೆಚ್ಚಾಗಿ ಜಲಜನಕ. ಎಂಜಿನ್ನಿನಲ್ಲಿ ಉರಿದಾಗ ಪ್ರತಿ ಇಂಗಾಲದ ಪರಮಾಣು ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಹಿಡಿದುಕೊಳ್ಳುತ್ತದೆ. 12 ಗ್ರಾಂ ಇಂಗಾಲ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೀಗೆ ಒಂದು ಕಿಲೋಗೂ ಕಡಿಮೆ ತೂಕದ ಡೀಸೆಲ್ ಹೊಗೆಕೊಳವೆಯಿಂದ ಹೊರಬರುವಾಗ ಸುಮಾರು 2.6 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿರುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಇದು ಸುಮಾರು 2.3 ಕಿಲೋ. ಈ ಅನಿಲವನ್ನು ಯಾವ ಫಿಲ್ಟರೂ ತಡೆಯುವುದಿಲ್ಲ. ಹೊಗೆಯ ಮಸಿಯನ್ನು ಸೋಸಬಹುದು, ವಿಷಾನಿಲಗಳನ್ನು ರಾಸಾಯನಿಕವಾಗಿ ಒಡೆಯಬಹುದು; ಕಾರ್ಬನ್ ಡೈಆಕ್ಸೈಡ್ ತಗ್ಗಬೇಕಾದರೆ ಉರಿಯುವ ಲೀಟರುಗಳೇ ತಗ್ಗಬೇಕು. ಜೇಬಿನ ಲೆಕ್ಕವೂ ವಾತಾವರಣದ ಲೆಕ್ಕವೂ ಇಷ್ಟು ನೇರವಾಗಿ ಕೂಡುವ ಜಾಗ ಬೇರೆ ಹೆಚ್ಚಿಲ್ಲ.

ಆದರೆ ಲೀಟರಿಗೆ ಎಷ್ಟು ದೂರ ಎಂಬುದನ್ನು ಅಳೆಯುವುದು ಹೇಗೆ? ಒಂದೇ ಬೈಕನ್ನು ಬಿ.ಗುಡಿಯ ಕಾಲುವೆ ರಸ್ತೆಯಲ್ಲಿ ಒಬ್ಬ ನಿಧಾನವಾಗಿ ಓಡಿಸುತ್ತಾನೆ, ಇನ್ನೊಬ್ಬ ಅದನ್ನು ಕಲಬುರಗಿಯ ಸಂತೆ ಗದ್ದಲದಲ್ಲಿ ಓಡಿಸುತ್ತಾನೆ. ಇಬ್ಬರ ಉತ್ತರವೂ ನಿಜ, ಎರಡೂ ಬೇರೆ. ಹಾಗಾಗಿ ವಾಹನವನ್ನು ಪ್ರಯೋಗಶಾಲೆಯಲ್ಲಿ ಉರುಳುವ ಡ್ರಮ್ಮಿನ ಮೇಲೆ ನಿಲ್ಲಿಸಿ, ಸೆಕೆಂಡು ಸೆಕೆಂಡಿಗೂ ಎಷ್ಟು ವೇಗದಲ್ಲಿ ಓಡಬೇಕೆಂದು ಮೊದಲೇ ಬರೆದಿಟ್ಟ ಪಟ್ಟಿಯಂತೆ ಓಡಿಸುತ್ತಾರೆ. ಭಾರತದ ಹಳೆಯ ಪಟ್ಟಿಯಲ್ಲಿ ಒಂದು ಸುತ್ತು 108 ಸೆಕೆಂಡು; ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22 ಕಿ.ಮೀ.ಗೂ ಕಡಿಮೆ. ಇದೇ ಸುತ್ತನ್ನು ಆರು ಸಲ ಓಡಿಸಿದರೆ ಪರೀಕ್ಷೆ ಮುಗಿಯಿತು. ಹೆದ್ದಾರಿಯಲ್ಲಿ 60ರಲ್ಲಿ ಸಾಗುವ ಇಂದಿನ ಬೈಕಿಗೆ ಈ ಪಟ್ಟಿ ಹೊಂದುವುದಿಲ್ಲ. ಆಗ ಜಪಾನಿನದು ಬೇರೆ ಪಟ್ಟಿಯಾಗಿತ್ತು, ಯೂರೋಪಿನದು ಮತ್ತೊಂದು, ಅಮೆರಿಕದ್ದು ಇನ್ನೊಂದು. ಒಂದೇ ಗಾಡಿಗೆ ನಾಲ್ಕು ದೇಶಗಳಲ್ಲಿ ನಾಲ್ಕು ಮೈಲೇಜು! ಹೀಗಿದ್ದಾಗ ಯಾವ ದೇಶದ ವಾಹನಗಳು ಇಂಧನವನ್ನು ನಿಜವಾಗಿ ಉಳಿಸುತ್ತಿವೆ ಎಂದು ಹೋಲಿಸುವುದೇ ಆಗುತ್ತಿರಲಿಲ್ಲ.

ಈ ತೊಡಕಿಗೆ ಮೊದಲ ಪರಿಹಾರ ಹುಡುಕಿದವರು ರೈತರು ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಅಮೆರಿಕದ ನೆಬ್ರಾಸ್ಕ ರಾಜ್ಯದ ರೈತ ವಿಲ್ಮಟ್ ಕ್ರೋಜಿಯರ್ ಒಂದು ಟ್ರ್ಯಾಕ್ಟರ್ ಕೊಂಡರು. ಹೇಳಿದಷ್ಟು ಕೆಲಸ ಅದು ಮಾಡಲಿಲ್ಲ. ಮತ್ತೊಂದು ಕೊಂಡರು, ಅದರದ್ದೂ ಅದೇ ಗತಿ. ಆಗ ಟ್ರ್ಯಾಕ್ಟರ್ ಕಂಪನಿಗಳು ಮಳೆಗಾಲದ ಅಣಬೆಯಂತೆ ಏಳುತ್ತಿದ್ದವು, ಯಾರ ಮಾತಿಗೂ ಆಧಾರ ಇರಲಿಲ್ಲ. ಶಾಸನಸಭೆಯ ಸದಸ್ಯರೂ ಆಗಿದ್ದ ಕ್ರೋಜಿಯರ್ 1919ರಲ್ಲಿ ಒಂದು ಕಾನೂನು ತಂದರು. ರಾಜ್ಯದಲ್ಲಿ ಮಾರುವ ಟ್ರ್ಯಾಕ್ಟರ್ ಮೊದಲು ವಿಶ್ವವಿದ್ಯಾಲಯದ ಪರೀಕ್ಷೆಗೆ ಬರಬೇಕು. ಎಳೆಯುವ ಬಲ, ತಿನ್ನುವ ಇಂಧನ ಎಲ್ಲವನ್ನೂ ಅಳೆದು ಪ್ರಕಟಿಸಬೇಕು. 1920ರಲ್ಲಿ ವಾಟರ್ಲೂ ಬಾಯ್ ಎಂಬ ಟ್ರ್ಯಾಕ್ಟರಿನಿಂದ ಪರೀಕ್ಷೆ ಶುರುವಾಯಿತು. ಅಳೆದ ಅಂಕಿಗಳು ಎಲ್ಲರ ಕಣ್ಣಿಗೂ ಬೀಳತೊಡಗಿದ ಮೇಲೆ ಪೊಳ್ಳು ಮಾತಿನ ಕಂಪನಿಗಳು ಅಲ್ಲಿ ನಿಲ್ಲುವುದು ಕಷ್ಟವಾಯಿತು.

ಒಂದು ರಾಜ್ಯದ ಈ ಪದ್ಧತಿ ಕ್ರಮೇಣ ಜಗತ್ತಿನ ಪದ್ಧತಿಯಾಯಿತು. ಎರಡನೇ ಮಹಾಯುದ್ಧದ ನಂತರ ಯೂರೋಪಿನ ದೇಶಗಳ ನಡುವೆ ಟ್ರ್ಯಾಕ್ಟರುಗಳ ವ್ಯಾಪಾರ ಬೆಳೆಯಿತು. ಪ್ರತಿ ಗಡಿಯಲ್ಲೂ ಮತ್ತೆ ಪರೀಕ್ಷೆ ಮಾಡುವ ಬದಲು ಒಂದೇ ವಿಧಾನ ಒಪ್ಪಿಕೊಳ್ಳೋಣ, ಒಬ್ಬರ ವರದಿಯನ್ನು ಇನ್ನೊಬ್ಬರು ನಂಬೋಣ ಎಂದು 1959ರಲ್ಲಿ ತೀರ್ಮಾನಿಸಿದರು. ಪ್ಯಾರಿಸ್ಸಿನಲ್ಲಿ ಕಚೇರಿ ಇರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಇಂದಿಗೂ ಈ ಟ್ರ್ಯಾಕ್ಟರ್ ಸಂಹಿತೆಗಳನ್ನು ನಡೆಸುತ್ತಿದೆ. ಭಾರತ ಆ ಸಂಘಟನೆಯ ಸದಸ್ಯ ದೇಶವಲ್ಲದಿದ್ದರೂ ಸಂಹಿತೆಗಳಲ್ಲಿ ಪಾಲುದಾರ. ನಮ್ಮ ಕಡೆಯ ಪರೀಕ್ಷೆ ನಡೆಯುವುದು ಮಧ್ಯಪ್ರದೇಶದ ಬುದ್ನಿಯಲ್ಲಿ, ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಲ್ಲಿ. ನರ್ಮದೆಯ ದಂಡೆಯ ಈ ಊರಿನಲ್ಲಿ ಟ್ರ್ಯಾಕ್ಟರನ್ನು ಗಂಟೆಗಟ್ಟಲೆ ದುಡಿಸಿ, ಒಂದು ಕಿಲೋವಾಟ್ ಬಲವನ್ನು ಒಂದು ಗಂಟೆ ಕೊಡಲು ಎಷ್ಟು ಗ್ರಾಂ ಡೀಸೆಲ್ ಬೇಕಾಯಿತು ಎಂದು ಬರೆದಿಡುತ್ತಾರೆ. ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲೂ ಇಂಥ ಕೇಂದ್ರ ಸಂಸ್ಥೆ ಇದೆ, ಅಲ್ಲಿ ಬೇರೆ ಕೃಷಿ ಯಂತ್ರಗಳ ಪರೀಕ್ಷೆ ನಡೆಯುತ್ತದೆ.

ರಸ್ತೆ ವಾಹನಗಳ ಒಪ್ಪಂದದ ಮನೆ ಜಿನೀವಾ. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ಅಡಿಯಲ್ಲಿ 1952ರಿಂದ ವಾಹನ ನಿಯಮಗಳ ಒಂದು ಕಾರ್ಯತಂಡವಿದೆ. ಹೆಸರು ಯೂರೋಪಿನದಾದರೂ ಇಂದು ಅದು ಜಗತ್ತಿನ ವೇದಿಕೆ. ಅದರ 1998ರ ಒಪ್ಪಂದಕ್ಕೆ ಭಾರತ ಸೇರಿದ್ದು 2006ರಲ್ಲಿ. ಸೇರಿದ್ದರಿಂದ ಏನಾಯಿತು? ಕಾರುಗಳಿಗೆ ಹೊಸ ಜಾಗತಿಕ ಪರೀಕ್ಷಾ ಪಟ್ಟಿ ಬರೆಯುವಾಗ ಯೂರೋಪ್, ಜಪಾನ್, ಕೊರಿಯಾ, ಅಮೆರಿಕ, ಭಾರತದ ರಸ್ತೆಗಳಲ್ಲಿ ಜನ ನಿಜವಾಗಿ ಹೇಗೆ ಓಡಿಸುತ್ತಾರೆ ಎಂಬುದನ್ನು ಉಪಕರಣ ಹಚ್ಚಿ ದಾಖಲಿಸಿದರು. ಒಟ್ಟು ಸುಮಾರು 7.5 ಲಕ್ಷ ಕಿಲೋಮೀಟರ್ ಓಟದ ದಾಖಲೆ. ಅದನ್ನು ಅರೆದು 2014ರಲ್ಲಿ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಕಡಿಮೆ ಬಲದ ವಾಹನಗಳಿಗೆ ಬೇರೆಯೇ ವರ್ಗವಿದೆ, ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 64 ಕಿ.ಮೀ. ಜರ್ಮನಿಯ ಹೆದ್ದಾರಿಯ ಕಾರುಗಳಿಗೆ ಅಂಥ ವರ್ಗ ಬೇಕಿಲ್ಲ. ನಮ್ಮ ರಸ್ತೆಗಳ ಹಳೆಯ, ಸಣ್ಣ, ಹೊರೆ ಹೊತ್ತ ಗಾಡಿಗಳ ದಾಖಲೆ ಆ ಮೇಜಿನ ಮೇಲಿತ್ತು. ಅದಕ್ಕಾಗಿಯೇ ಆ ವರ್ಗ ಬಂತು. ಮೇಜಿನ ಸುತ್ತ ಕೂತವರ ರಸ್ತೆಯೇ ನಿಯಮದೊಳಗೆ ಸೇರುತ್ತದೆ. ದ್ವಿಚಕ್ರ ವಾಹನಗಳಿಗೂ 2005ರಲ್ಲಿ ಇಂಥದೇ ಜಾಗತಿಕ ಪಟ್ಟಿ ಬಂದಿತ್ತು. ಇಂದು ನಮ್ಮಲ್ಲಿ ಮಾರಾಟವಾಗುವ ಬೈಕುಗಳು ಅದರ ಮೇಲೆಯೇ ಪರೀಕ್ಷೆಗೆ ಒಳಗಾಗುತ್ತವೆ.

ಅಳತೆ ಒಂದಾದ ಮೇಲೆ ಗುರಿ ಇಡುವುದು ಸಾಧ್ಯವಾಯಿತು. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಮೊದಲಾದವು ಜಿನೀವಾದಲ್ಲಿ ಜಾಗತಿಕ ಇಂಧನ ಮಿತವ್ಯಯ ಉಪಕ್ರಮವನ್ನು ಆರಂಭಿಸಿದವು. 2005ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಹೊಸ ಕಾರುಗಳು, 2050ರ ಹೊತ್ತಿಗೆ ರಸ್ತೆಯ ಮೇಲಿನ ಎಲ್ಲ ಕಾರುಗಳು ಅರ್ಧ ಇಂಧನದಲ್ಲಿ ಅಷ್ಟೇ ದೂರ ಹೋಗಬೇಕೆಂಬುದು ಅದರ ಗುರಿ. ಭಾರತ ತನ್ನ ಕಾರುಗಳಿಗೆ ಇಂಧನ ಮಿತಿಯನ್ನು ಇಂಧನ ಸಂರಕ್ಷಣಾ ಕಾಯ್ದೆಯಡಿ ಪ್ರಕಟಿಸಿದ್ದು 2014ರಲ್ಲಿ. ಒಂದು ಕಂಪನಿ ವರ್ಷವಿಡೀ ಮಾರಿದ ಕಾರುಗಳ ಸರಾಸರಿ ಕಿಲೋಮೀಟರಿಗೆ ಸುಮಾರು 130 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮೀರಬಾರದು ಎಂಬುದು 2017-18ರ ಮಿತಿ. 2022-23ರಿಂದ ಅದು 113 ಗ್ರಾಂಗೆ ಇಳಿಯಿತು. ಪೆಟ್ರೋಲಿನ ಲೆಕ್ಕದಲ್ಲಿ ಹೇಳಿದರೆ ಲೀಟರಿಗೆ 18 ಕಿ.ಮೀ.ಗೆ ಹತ್ತಿರವಿದ್ದದ್ದು 20 ದಾಟಬೇಕಾಯಿತು. ಕಾರಿನ ತೂಕ ಹೆಚ್ಚಾದರೆ ಮಿತಿ ಸ್ವಲ್ಪ ಸಡಿಲವಾಗುವಂತೆ ಈ ಸೂತ್ರವಿದೆ. ದೊಡ್ಡ ಕಾರು ಮಾರುವವರಿಗೆ ಇದರಿಂದ ಅನುಕೂಲವೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಕಾರುಗಳ ಮಾತು ಇಷ್ಟು ಸಾಕು. ಬಿ.ಗುಡಿಯ ಸ್ಟಾಪಿನಲ್ಲಿ ಬಹುಪಾಲು ಜನ ಕಾಯುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೆ. ಸಾರಿಗೆ ಡಿಪೋಗಳಲ್ಲಿ ಚಾಲಕರ ನಡುವೆ ದಿನನಿತ್ಯ ಓಡಾಡುವ ಮಾತು ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್. ಬಸ್ಸೊಂದು ಲೀಟರಿಗೆ 5 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಸುಮಾರು 520 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಬ್ಬಾ ಎನಿಸಬಹುದು. ಆದರೆ ಒಳಗೆ 50 ಮಂದಿ ಇದ್ದರೆ ತಲೆಗೆ 11 ಗ್ರಾಂ ಕೂಡ ಆಗುವುದಿಲ್ಲ. ಲೀಟರಿಗೆ 50 ಕೊಡುವ ಬೈಕಿನಲ್ಲಿ ಒಬ್ಬನೇ ಹೋದರೆ 46 ಗ್ರಾಂ, ಇಬ್ಬರಾದರೆ 23. ತುಂಬಿದ ಬಸ್ಸನ್ನು ಸೋಲಿಸುವ ಪೆಟ್ರೋಲ್ ವಾಹನ ಯಾವುದೂ ಇಲ್ಲ. ಎಂಜಿನ್ನಿನಲ್ಲೇ ಶಾಖವಾಗಿ ಕಳೆದದ್ದನ್ನು ಬಿಟ್ಟರೆ, ಆ ಬಸ್ಸಿನ ಡೀಸೆಲ್ ಹೋಗುವುದು ಮುಖ್ಯವಾಗಿ ಮೂರು ಕಡೆ: ಟೈರು ನೆಲಕ್ಕೆ ಉಜ್ಜುವಲ್ಲಿ, ಗಾಳಿಯನ್ನು ಸೀಳುವಲ್ಲಿ, ಪ್ರತಿ ಹಂಪು ಮತ್ತು ಸ್ಟಾಪಿನಲ್ಲಿ ಬ್ರೇಕು ಒತ್ತಿ ವೇಗವನ್ನು ಶಾಖವಾಗಿ ಕಳೆದುಕೊಳ್ಳುವಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; 60ರಿಂದ 80ಕ್ಕೆ ಹೋದರೆ ಅದು ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೆಚ್ಚಾಗುತ್ತದೆ. ಮುಂದಿನ ಹಂಪನ್ನು ದೂರದಿಂದಲೇ ನೋಡಿ ಆಕ್ಸಿಲರೇಟರ್ ಬಿಡುವ ಚಾಲಕ ಯಾವ ಹೊಸ ಯಂತ್ರವೂ ಇಲ್ಲದೆ ಡೀಸೆಲ್ ಉಳಿಸುತ್ತಾನೆ.

ಹೊಗೆಯ ಕಥೆ ಬೇರೆ. ಅಲ್ಲಿ ಮುಖ್ಯ ಪಾತ್ರ ಗಂಧಕದ್ದು. ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕಗಳಿಗೆ ಗಂಧಕ ವಿಷ. ಅದು ಇಂಧನದಲ್ಲಿ ಇರುವತನಕ ಒಳ್ಳೆಯ ಎಂಜಿನ್ ತಂದರೂ ವ್ಯರ್ಥ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಹತ್ತು ಲಕ್ಷದಲ್ಲಿ 50 ಭಾಗ ಗಂಧಕದ ಡೀಸೆಲ್ ಬಂತು. ಅದೇ ದಿನಗಳಲ್ಲಿ ಯಾದಗಿರಿ ಜಿಲ್ಲೆಯಂಥ ಕಡೆಗಳಿಗೆ ಸಂದದ್ದು 350 ಭಾಗದ ಡೀಸೆಲ್. ಬೆಂಗಳೂರಿನಿಂದ ಹೊರಟ ಲಾರಿ ಶಹಾಪುರದಲ್ಲಿ ಟ್ಯಾಂಕ್ ತುಂಬಿಸಿಕೊಂಡರೆ ಏಳು ಪಟ್ಟು ಗಂಧಕ. ಹಳ್ಳಿಯ ಶ್ವಾಸಕೋಶಕ್ಕೆ ಬೇರೆ ಮಾನದಂಡ ಇಟ್ಟ ಆ ಏಳು ವರ್ಷಗಳನ್ನು ಸಮರ್ಥಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. 2017ರಲ್ಲಿ ದೇಶಕ್ಕೆಲ್ಲ 50 ಭಾಗದ ಇಂಧನ ಬಂತು. 2020ರ ಏಪ್ರಿಲ್ 1ರಂದು, ನಡುವಿನ ಒಂದು ಹಂತವನ್ನೇ ಬಿಟ್ಟು ಜಿಗಿದು, 10 ಭಾಗದ ಬಿಎಸ್-6 (ಭಾರತ್ ಸ್ಟೇಜ್ 6) ಇಂಧನ ದೇಶದ ಎಲ್ಲ ಬಂಕುಗಳಿಗೂ ಬಂತು. ಯೂರೋಪು ದಶಕಗಳಲ್ಲಿ ಕಲಿತ ವಿದ್ಯೆ ಕೈಗೆ ಸಿದ್ಧವಾಗಿ ಸಿಕ್ಕಿದ್ದರಿಂದಲೇ ಈ ಜಿಗಿತ ಸಾಧ್ಯವಾಯಿತು. ಡೀಸೆಲ್ ಕಾರಿನಲ್ಲಿ ಮಸಿಯ ಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದದ್ದು 4.5ಕ್ಕೆ ಇಳಿಯಿತು.

ಹೊಸ ಬಸ್ಸು–ಲಾರಿಗಳಿಗೆ ಡೀಸೆಲ್ ಜೊತೆ ಯೂರಿಯಾ ನೀರನ್ನೂ ತುಂಬಬೇಕು. ಬಿ.ಗುಡಿಯ ರೈತನಿಗೆ ಯೂರಿಯಾ ಹಳೆಯ ಪರಿಚಯ. ಬಸ್ಸಿನ ಟ್ಯಾಂಕಿನಲ್ಲಿ ಇರುವುದು ಶೇ 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ನೀರು. ಬಿಸಿ ಹೊಗೆಗೆ ಚಿಮುಕಿಸಿದಾಗ ಅದು ಅಮೋನಿಯಾ ಆಗಿ ಒಡೆಯುತ್ತದೆ. ಆ ಅಮೋನಿಯಾ ವೇಗವರ್ಧಕದ ಮೇಲೆ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡ್‌ಗಳ ಜೊತೆ ಕೂಡಿ ಎರಡೂ ನಿರುಪದ್ರವಿ ಸಾರಜನಕವೂ ನೀರೂ ಆಗುತ್ತವೆ. ಗದ್ದೆಗೆ ಎರಚುವ ಚೀಲದ ಯೂರಿಯಾ ಇದಕ್ಕೆ ನಡೆಯದು. ಅದಕ್ಕೆ 2015ರಿಂದ ಕಡ್ಡಾಯವಾಗಿ ಬೇವಿನೆಣ್ಣೆ ಲೇಪಿಸಿರುತ್ತಾರೆ, ಅದರ ಕಲ್ಮಶ ವೇಗವರ್ಧಕವನ್ನು ಕೆಡಿಸುತ್ತದೆ. ಈ ಒಂದು ದ್ರವ ದೇಶಗಳನ್ನು ಎಷ್ಟು ಹತ್ತಿರ ಬಿಗಿದಿದೆ ಎಂಬುದು 2021ರಲ್ಲಿ ಗೊತ್ತಾಯಿತು. ಚೀನಾ ಆ ಅಕ್ಟೋಬರಿನಲ್ಲಿ ಯೂರಿಯಾ ರಫ್ತನ್ನು ಬಿಗಿ ಮಾಡಿತು. ದಕ್ಷಿಣ ಕೊರಿಯಾದ ಡೀಸೆಲ್ ಲಾರಿಗಳು ನಿಲ್ಲುವ ಹಂತಕ್ಕೆ ಬಂದವು. ಸೇನೆಯ ವಿಮಾನ ಆಸ್ಟ್ರೇಲಿಯಾದಿಂದ 27,000 ಲೀಟರ್ ಯೂರಿಯಾ ನೀರು ಹೊತ್ತು ತರಬೇಕಾಯಿತು.

ಈಗ ರಸ್ತೆ ಬಿಟ್ಟು ಹೊಲಕ್ಕೆ ಇಳಿಯೋಣ. ಟ್ರ್ಯಾಕ್ಟರುಗಳ ಹೊಗೆಗೆ ಬೇರೆ ನಿಯಮಗಳಿವೆ. ಅವುಗಳ ಬಿಗಿಯಾದ ಹೊಸ ಹಂತ 2023ರ ಜನವರಿಯಿಂದ ಜಾರಿಗೆ ಬಂತು, ಆದರೆ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಮಾತ್ರ. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಟ್ರ್ಯಾಕ್ಟರುಗಳು ಅದಕ್ಕಿಂತ ಕೆಳಗಿನವು. ಅವುಗಳಿಗೆ ಒಂದು ದಶಕಕ್ಕೂ ಹಿಂದಿನ ಮಿತಿಯೇ ಮುಂದುವರಿಯಿತು. ಅಲ್ಲದೆ ಕಾರುಗಳಿಗಿರುವಂತೆ ಇಷ್ಟಕ್ಕಿಂತ ಹೆಚ್ಚು ಇಂಧನ ತಿನ್ನಬಾರದೆಂಬ ರಾಷ್ಟ್ರೀಯ ಸರಾಸರಿ ಮಿತಿಯಿಂದಲೂ ಟ್ರ್ಯಾಕ್ಟರು ಹೊರಗೆ. ಹನ್ನೆರಡು ಟನ್ ಮೀರಿದ ಲಾರಿ–ಬಸ್ಸುಗಳಿಗಾದರೂ 2017ರಲ್ಲಿ ಒಂದು ಮಿತಿ ಪ್ರಕಟವಾಯಿತು. ಆ ಪರೀಕ್ಷೆಯಲ್ಲಿ ಲಾರಿಗಳು ವೇಗ ಬದಲಿಸದೆ, ಒಮ್ಮೆ ಗಂಟೆಗೆ 40, ಇನ್ನೊಮ್ಮೆ 60 ಕಿ.ಮೀ.ನಲ್ಲಿ ಓಡುತ್ತವೆ. ಹಂಪೂ ದನಗಳೂ ಇರುವ ನಿಜವಾದ ರಸ್ತೆಯನ್ನು ಅದು ಹೆಚ್ಚೇನೂ ಹೋಲುವುದಿಲ್ಲ. ಬೆಲೆ ಏರಿದರೆ ಸಣ್ಣ ರೈತ ಟ್ರ್ಯಾಕ್ಟರ್ ಕೊಳ್ಳಲಾರ ಎಂಬುದು ಟ್ರ್ಯಾಕ್ಟರಿನ ವಿನಾಯಿತಿಗೆ ಕೊಡುವ ಕಾರಣ. ಹೊಗೆ ಶುದ್ಧಗೊಳಿಸುವ ಸಾಧನಗಳ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಇಂಧನ ಉಳಿಸುವ ಎಂಜಿನ್ ಆ ಹಣವನ್ನು ರೈತನಿಗೇ ಮರಳಿಸುತ್ತದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮುಂದೂಡಿದ್ದು ಸರಿಯಲ್ಲ.

ಎಷ್ಟು ಮರಳುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಎರಡು ಟ್ರ್ಯಾಕ್ಟರುಗಳು, ಎರಡೂ ಹಿಂಬದಿಯ ಶಾಫ್ಟಿನಲ್ಲಿ 25 ಕಿಲೋವಾಟ್ ಬಲ ಕೊಡುವಂಥವು ಎಂದುಕೊಳ್ಳಿ. ಪರೀಕ್ಷಾ ವರದಿಯಲ್ಲಿ ಒಂದರ ಅಂಕಿ ಕಿಲೋವಾಟ್-ಗಂಟೆಗೆ 250 ಗ್ರಾಂ, ಇನ್ನೊಂದರದು 280. ಪೂರ್ತಿ ಬಲ ಹಾಕಿ ದುಡಿದರೆ ಗಂಟೆಗೆ 750 ಗ್ರಾಂ ವ್ಯತ್ಯಾಸ, ಅಂದರೆ 0.9 ಲೀಟರ್. ವರ್ಷಕ್ಕೆ ಅಂಥ 600 ಗಂಟೆ ಬಾಡಿಗೆಗೆ ದುಡಿಯುವ ಟ್ರ್ಯಾಕ್ಟರಿನಲ್ಲಿ 540 ಲೀಟರ್ ಡೀಸೆಲ್, 1.4 ಟನ್ ಕಾರ್ಬನ್ ಡೈಆಕ್ಸೈಡ್. ಬುದ್ನಿಯ ವರದಿಗಳು ಗುಟ್ಟಿನವಲ್ಲ, ಯಾರು ಬೇಕಾದರೂ ಓದಬಹುದು. ಶೋರೂಮಿನಲ್ಲಿ ಬಣ್ಣದ ಕರಪತ್ರದ ಬದಲು ಪರೀಕ್ಷಾ ವರದಿಯನ್ನು ಕೇಳಿ, ಅದರಲ್ಲಿ ಈ ಒಂದು ಸಾಲನ್ನು ನೋಡಿ. ಇದನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ, ಎಲ್ಲ ಮಾದರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿದರೆ ನೆಬ್ರಾಸ್ಕದ ಕಾನೂನು ಮಾಡಿದ ಕೆಲಸ ಇಲ್ಲೂ ನಡೆದೀತು.

ಎಂಜಿನ್ ಎಷ್ಟು ಒಳ್ಳೆಯದಿದ್ದರೂ ಗಾಲಿ ಜಾರಿದರೆ ಡೀಸೆಲ್ ಮಣ್ಣುಪಾಲು. ಇದನ್ನು ಅಳೆಯಲು ಪ್ರಯೋಗಶಾಲೆ ಬೇಕಿಲ್ಲ. ಹಿಂದಿನ ಟೈರಿನ ಮೇಲೆ ಸುಣ್ಣದ ಗುರುತು ಹಾಕಿ. ಹೊಲದಲ್ಲಿ ರಂಟೆ ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವವರೆಗೆ ಓಡಿಸಿ, ಎಷ್ಟು ದೂರ ಬಂತೆಂದು ಅಳೆಯಿರಿ. ಆಮೇಲೆ ಅದೇ ಹೊಲದಲ್ಲಿ ರಂಟೆ ಇಳಿಸಿ ಹತ್ತು ಸುತ್ತು. ಮೊದಲ ಸಲ 40 ಮೀಟರ್ ಬಂದದ್ದು ಎರಡನೇ ಸಲ 32ಕ್ಕೆ ಇಳಿದರೆ ಜಾರಿಕೆ ಶೇ 20. ಐದು ಲೀಟರಿನಲ್ಲಿ ಒಂದು ಲೀಟರ್ ಗಾಲಿಯನ್ನು ನಿಂತಲ್ಲೇ ತಿರುಗಿಸಿದೆ ಎನ್ನಬಹುದು. ಆಗ ಹಿಂದಿನ ಗಾಲಿಗೆ ತೂಕ ಸೇರಿಸಬೇಕು, ಟೈರಿನ ಗಾಳಿಯನ್ನು ಹೊಲದ ಮಟ್ಟಕ್ಕೆ ಇಳಿಸಬೇಕು, ಇಲ್ಲವೇ ರಂಟೆಯ ಆಳ ತಗ್ಗಿಸಬೇಕು. ಹೊಲದಲ್ಲಿ ಜಾರಿಕೆ ಶೇ 10ರಿಂದ 15ರ ನಡುವೆ ಇರುವುದು ಒಳ್ಳೆಯದು. ಅದಕ್ಕಿಂತ ತೀರ ಕಡಿಮೆ ಇದ್ದರೆ ಟ್ರ್ಯಾಕ್ಟರು ಬೇಡದ ಭಾರವನ್ನು ಹೊತ್ತು ನಡೆಯುತ್ತಿದೆ ಎಂದರ್ಥ. ಆ ಭಾರ ಡೀಸೆಲ್ಲನ್ನೂ ತಿನ್ನುತ್ತದೆ, ಎರೆಮಣ್ಣನ್ನೂ ಅಡಿಯಲ್ಲಿ ಗಟ್ಟಿ ಹಾಸಿನಂತೆ ಒತ್ತಿಬಿಡುತ್ತದೆ. ಹಗುರ ಕೆಲಸಕ್ಕೆ, ಅಂದರೆ ಕುಂಟೆ ಹೊಡೆಯುವಾಗಲೋ ಖಾಲಿ ಟ್ರೇಲರ್ ಎಳೆಯುವಾಗಲೋ, ಒಂದು ಗೇರು ಮೇಲೆ ಹಾಕಿ ಥ್ರಾಟಲ್ ಇಳಿಸಬೇಕು. ಅದೇ ವೇಗ ಸಿಗುತ್ತದೆ, ಎಂಜಿನ್ ಕಡಿಮೆ ಸುತ್ತು ತಿರುಗುತ್ತದೆ. ಕಪ್ಪು ಹೊಗೆ ಕಂಡರೆ ಗೇರು ಮೇಲಾಯಿತೆಂದು ತಿಳಿದು ಒಂದು ಕೆಳಗಿಳಿಸಿದರೆ ಆಯಿತು.